ಅಡಿರಾಂಡಾಕ್ ಕಾಡಿನೊಳಗೆ ಶುಲ್ಕವಿಲ್ಲದೆ ಡೇರೆ ಹಾಕುವುದು: ಎಲ್ಲಿ ಹಾಕಬಹುದು, ಎಲ್ಲಿ ಹಾಕಬಾರದು?

ಪ್ರಶ್ನೆ: ಚಾರಣಪ್ರಿಯ

ಎಲ್ಲರಿಗೂ ನಮಸ್ಕಾರ.

ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದಲ್ಲಿರುವ ಅಡಿರಾಂಡಾಕ್ ಪಾರ್ಕಿನ ಕಾಡಿನೊಳಗೆ ಸೆಪ್ಟೆಂಬರ್ ಕೊನೆಯ ವಾರದಲ್ಲಿ ನಾಲ್ಕು ರಾತ್ರಿ ಡೇರೆ ಹಾಕಿಕೊಂಡು ಇರಬೇಕೆಂದು ನಾವು ಐವರು ಯೋಚಿಸಿದ್ದೇವೆ. ನಾನು, ನನ್ನ ಪತ್ನಿ, ಹದಿನಾಲ್ಕು ವರ್ಷದ ಮಗಳು ಮತ್ತು ನಮ್ಮ ಸ್ನೇಹಿತ ದಂಪತಿ. ನಡೆಯುವ ಅಭ್ಯಾಸ ಎಲ್ಲರಿಗೂ ಚೆನ್ನಾಗಿಯೇ ಇದೆ. ಆದರೆ ಇದುವರೆಗೆ ನಾವು ರಾತ್ರಿ ತಂಗಿರುವುದೆಲ್ಲ ಮೊದಲೇ ಹಣ ಕಟ್ಟಿ ಜಾಗ ಕಾಯ್ದಿರಿಸುವ, ನಲ್ಲಿ ನೀರು, ಸ್ನಾನದ ಮನೆ, ಕಸದ ತೊಟ್ಟಿ ಎಲ್ಲವೂ ಇರುವ ಕ್ಯಾಂಪ್‌ಗ್ರೌಂಡ್‌ಗಳಲ್ಲಿ. ಈ ಸಲ ಅಂಥ ಯಾವ ಸೌಕರ್ಯವೂ ಇಲ್ಲದ, ರಸ್ತೆಯಿಂದ ದೂರವಾದ ಜಾಗದಲ್ಲಿ ಇರಬೇಕೆಂಬುದು ನಮ್ಮ ಆಸೆ.

ಸರ್ಕಾರಿ ಅರಣ್ಯದಲ್ಲಿ ಎಲ್ಲಿ ಬೇಕಾದರೂ ಡೇರೆ ಹಾಕಬಹುದು ಎಂದು ಕೆಲವರು ಹೇಳುತ್ತಾರೆ. ಗುರುತು ಮಾಡಿದ ಜಾಗ ಬಿಟ್ಟು ಬೇರೆಲ್ಲೂ ಹಾಕುವಂತಿಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ಇವೆರಡರಲ್ಲಿ ಯಾವುದು ಸರಿ? ಯಾರಿಂದಲಾದರೂ ಅನುಮತಿ ಪಡೆಯಬೇಕೆ? ಕಾಡಿನೊಳಗೆ ಮೊದಲ ಬಾರಿ ತಂಗುವ ನಮ್ಮಂಥವರಿಗೆ ಯಾವ ಭಾಗ ಸೂಕ್ತ? ಹೈ ಪೀಕ್ಸ್ ಶಿಖರಗಳ ಸುತ್ತ ಜನಸಂದಣಿ ಹೆಚ್ಚೆಂದು ಕೇಳಿರುವುದರಿಂದ ಆ ಭಾಗವನ್ನು ಬಿಡಬೇಕೆಂದುಕೊಂಡಿದ್ದೇವೆ. ಕುಡಿಯುವ ನೀರು ಮತ್ತು ಕರಡಿಗಳ ಬಗ್ಗೆಯೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ನಕಾಶೆ

ನಮಸ್ಕಾರ. ನೀವು ಕೇಳಿರುವ ಎರಡು ಮಾತುಗಳಲ್ಲಿಯೂ ಅರ್ಧರ್ಧ ಸತ್ಯವಿದೆ. ಇಲ್ಲಿ ನೆನಪಿಡಬೇಕಾದ ಮುಖ್ಯ ಅಳತೆ 150 ಅಡಿ. ರಸ್ತೆ, ಕಾಲುದಾರಿ, ಬುಗ್ಗೆ, ತೊರೆ, ಕೊಳ, ಸರೋವರ, ಇವುಗಳಲ್ಲಿ ಯಾವುದರಿಂದಲೂ 150 ಅಡಿಯೊಳಗೆ ಡೇರೆ ಹಾಕುವಂತಿಲ್ಲ. ಆ ಅಂತರದೊಳಗೆ ಹಾಕಲೇಬೇಕೆಂದರೆ, ರಾಜ್ಯದ ಪರಿಸರ ಸಂರಕ್ಷಣಾ ಇಲಾಖೆಯವರು ‘ಇಲ್ಲಿ ಡೇರೆ ಹಾಕಿ’ ಎಂಬರ್ಥದ ಹಳದಿ ಬಿಲ್ಲೆಯನ್ನು ಮರಕ್ಕೆ ಹೊಡೆದು ಗುರುತಿಸಿರುವ ಜಾಗದಲ್ಲಿ ಮಾತ್ರ ಹಾಕಬಹುದು. 150 ಅಡಿಯಾಚೆ, ನಿಷೇಧದ ಫಲಕವಿಲ್ಲದ ಸರ್ಕಾರಿ ಅರಣ್ಯದಲ್ಲಿ ಸಾಮಾನ್ಯವಾಗಿ ನಿಮಗೆ ಸರಿ ಕಂಡಲ್ಲಿ ತಂಗಬಹುದು. ವಯಸ್ಕರ ನಡಿಗೆಯಲ್ಲಿ ಇದು ಸುಮಾರು 60ರಿಂದ 70 ಹೆಜ್ಜೆ. ಕಣ್ಣಳತೆಯನ್ನು ನಂಬಬೇಡಿ, ದಯವಿಟ್ಟು ಎಣಿಸಿ ನಡೆಯಿರಿ. ದಟ್ಟ ಮರಗಳ ನಡುವೆ ಐವತ್ತು ಅಡಿಯೂ ಬಹು ದೂರವೆಂದು ತೋರುತ್ತದೆ.

ಅನುಮತಿಯ ವಿಷಯಕ್ಕೆ ಬಂದರೆ, ಒಂದೇ ಜಾಗದಲ್ಲಿ ಮೂರು ರಾತ್ರಿಗಳವರೆಗೆ ಯಾರ ಅನುಮತಿಯೂ ಬೇಕಿಲ್ಲ. ನಾಲ್ಕನೆಯ ರಾತ್ರಿಯೂ ಅದೇ ಜಾಗದಲ್ಲಿ ಇರುವುದಾದರೆ, ಅಥವಾ ತಂಡದಲ್ಲಿ ಹತ್ತು ಇಲ್ಲವೆ ಅದಕ್ಕಿಂತ ಹೆಚ್ಚು ಜನರಿದ್ದರೆ, ಆ ಪ್ರದೇಶದ ಫಾರೆಸ್ಟ್ ರೇಂಜರ್ ಅವರಿಂದ ಪರ್ಮಿಟ್ ಪಡೆಯಬೇಕು. ಅದಕ್ಕೆ ಶುಲ್ಕವಿಲ್ಲ, ಆದರೆ ಹೊರಡುವ ಹಿಂದಿನ ದಿನ ಕೇಳಿದರೆ ಸಿಗುತ್ತದೆಂಬ ಭರವಸೆಯೂ ಇಲ್ಲ. ಸಾಕಷ್ಟು ಮೊದಲೇ ಸಂಪರ್ಕಿಸಿ. ನೀವು ಐವರು ಮಾತ್ರ ಇರುವುದರಿಂದ, ಎರಡು ರಾತ್ರಿ ಒಂದು ಕಡೆ, ಎರಡು ರಾತ್ರಿ ಇನ್ನೊಂದು ಕಡೆ ಎಂದು ಹಂಚಿಕೊಂಡರೆ ಪರ್ಮಿಟ್ಟಿನ ಅಗತ್ಯವೇ ಬೀಳುವುದಿಲ್ಲ.

ಎತ್ತರಕ್ಕೂ ಮಿತಿಯಿದೆ. ನೀವು ಹೋಗುವ ಋತುವಿನಲ್ಲಿ ಅಡಿರಾಂಡಾಕ್‌ನಲ್ಲಿ 4,000 ಅಡಿಗಿಂತ ಮೇಲೆ ಡೇರೆ ಹಾಕುವಂತಿಲ್ಲ. ದಕ್ಷಿಣದ ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಾದರೆ ಆ ಮಿತಿ 3,500 ಅಡಿ. ಆ ಎತ್ತರದ ಸಸ್ಯಗಳು ಬಹಳ ನಿಧಾನವಾಗಿ ಬೆಳೆಯುವಂಥವು, ಒಮ್ಮೆ ತುಳಿತಕ್ಕೆ ಸಿಕ್ಕರೆ ಚೇತರಿಸಿಕೊಳ್ಳಲು ವರ್ಷಗಳೇ ಬೇಕು.

ಹೊಸದಾಗಿ ಬರುವವರು ಹೆಚ್ಚಾಗಿ ಗೊಂದಲಕ್ಕೆ ಬೀಳುವ ಇನ್ನೊಂದು ವಿಷಯವಿದೆ. ಅಡಿರಾಂಡಾಕ್ ಪಾರ್ಕಿನ ಒಟ್ಟು ವಿಸ್ತೀರ್ಣ ಸುಮಾರು 60 ಲಕ್ಷ ಎಕರೆಯಾದರೂ, ಅದರಲ್ಲಿ ರಾಜ್ಯಕ್ಕೆ ಸೇರಿದ ಫಾರೆಸ್ಟ್ ಪ್ರಿಸರ್ವ್ ಸುಮಾರು 26 ಲಕ್ಷ ಎಕರೆ ಮಾತ್ರ. ಉಳಿದದ್ದರಲ್ಲಿ ಬಹುಪಾಲು ಖಾಸಗಿಯವರದು. ಊರುಗಳು, ಮನೆಗಳು, ಮರ ಕಡಿಯುವ ಕಂಪನಿಗಳ ಭೂಮಿ, ಕ್ಲಬ್ಬುಗಳ ಭೂಮಿ ಎಲ್ಲವೂ ಈ ಪಾರ್ಕಿನ ಗಡಿಯೊಳಗೇ ಇವೆ. ಕೆಲವು ಕಾಲುದಾರಿಗಳು ಖಾಸಗಿ ಭೂಮಿಯ ಮೂಲಕ ಹಾದು ಸರ್ಕಾರಿ ಅರಣ್ಯವನ್ನು ಸೇರುತ್ತವೆ. ಅಂಥ ಕಡೆ ನಡೆಯಲು ಮಾತ್ರ ಅವಕಾಶವಿರುತ್ತದೆ, ತಂಗಲು ಇರುವುದಿಲ್ಲ. ಆದ್ದರಿಂದ ಭೂಮಿಯ ಒಡೆತನವನ್ನು ಬಣ್ಣದಲ್ಲಿ ತೋರಿಸುವ ನಕಾಶೆಯನ್ನು ಕಾಗದದ ರೂಪದಲ್ಲಿಯೇ ಜೊತೆಗಿಟ್ಟುಕೊಳ್ಳಿ. ಕಾಡಿನ ಒಳಭಾಗದಲ್ಲಿ ಬಹಳಷ್ಟು ಕಡೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ.

ನೀವು ಕೇಳದಿದ್ದರೂ ಒಂದು ಮಾತು ಹೇಳುತ್ತೇನೆ, ಏಕೆಂದರೆ ನಿಯಮಗಳ ಹಿಂದಿನ ಕಾರಣ ತಿಳಿದರೆ ಅವನ್ನು ಪಾಲಿಸುವುದು ಸುಲಭ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಬೆಟ್ಟಗಳ ಮರಗಳನ್ನು ಎಗ್ಗಿಲ್ಲದೆ ಕಡಿಯಲಾಗುತ್ತಿತ್ತು. ಕಾಡು ಹೋದರೆ ಹಡ್ಸನ್ ನದಿಗೂ ಈರಿ ಕಾಲುವೆಗೂ ನೀರು ಕಡಿಮೆಯಾಗುತ್ತದೆಂದು, ಇಲ್ಲಿ ಭೂಮಾಪನ ಮಾಡುತ್ತಿದ್ದ ವರ್‌ಪ್ಲಾಂಕ್ ಕಾಲ್ವಿನ್ ಅವರು 1870ರ ದಶಕದಲ್ಲಿ ಮತ್ತೆ ಮತ್ತೆ ಎಚ್ಚರಿಸಿದರು. 1885ರಲ್ಲಿ ಫಾರೆಸ್ಟ್ ಪ್ರಿಸರ್ವ್ ಸ್ಥಾಪನೆಯಾಯಿತು, 1892ರಲ್ಲಿ ಪಾರ್ಕ್ ಘೋಷಣೆಯಾಯಿತು, 1894ರಲ್ಲಿ ರಾಜ್ಯದ ಸಂವಿಧಾನದಲ್ಲಿಯೇ ಈ ಭೂಮಿ ಎಂದೆಂದಿಗೂ ಕಾಡಾಗಿಯೇ ಉಳಿಯತಕ್ಕದ್ದು ಎಂಬ ರಕ್ಷಣೆಯನ್ನು ಬರೆದಿಡಲಾಯಿತು. ಈ ಭೂಮಿಯನ್ನು ಮಾರುವಂತಿಲ್ಲ, ಇಲ್ಲಿನ ಮರವನ್ನು ಕಡಿದು ಸಾಗಿಸುವಂತಿಲ್ಲ. ಇದನ್ನು ಬದಲಿಸಬೇಕಾದರೆ ರಾಜ್ಯದ ಮತದಾರರೇ ಒಪ್ಪಬೇಕು. ಹಣ ಕೊಡದೆ ಅಲ್ಲಿ ಮಲಗುವ ನಮ್ಮ ಅವಕಾಶ ಈ ವಿಧಿಯ ನೆರಳಿನಲ್ಲಿ ನಿಂತಿದೆ. ಡೇರೆಯ ಗೂಟಕ್ಕೆಂದು ಒಂದು ಎಳೆ ಸಸಿಯನ್ನು ಕಡಿದರೂ ಅಪರಾಧವೆನಿಸುವುದೂ ಇದೇ ಕಾರಣಕ್ಕೆ.

ಉತ್ತರ: ಸರೋವರತೀರ

ನಿಯಮಗಳನ್ನು ನಕಾಶೆಯವರು ಸ್ಪಷ್ಟವಾಗಿ ಹೇಳಿದ್ದಾರೆ. ನಾನು ಜಾಗ ಮತ್ತು ಋತುವಿನ ಬಗ್ಗೆ ಬರೆಯುತ್ತೇನೆ.

ಮೊದಲ ಬಾರಿಗೆ ಹೋಗುವ ತಂಡಕ್ಕೆ ನನ್ನ ಸಲಹೆ ಸೈಯಾಮೀಸ್ ಪಾಂಡ್ಸ್ ವೈಲ್ಡರ್‌ನೆಸ್. ಅದರ ಉತ್ತರದ ಅಂಚಿನಲ್ಲಿರುವ ಥರ್ಟೀನ್ತ್ ಲೇಕ್ ಎಂಬ ಸರೋವರದ ದಡದಲ್ಲಿ ಗುರುತಿಸಿದ ಡೇರೆ ಜಾಗಗಳಿವೆ. ಅಲ್ಲಿಂದ ಓಲ್ಡ್ ಫಾರ್ಮ್ ಕ್ಲಿಯರಿಂಗ್ ಎಂಬ ಬಯಲಿನ ಮೂಲಕ ಪಫರ್ ಪಾಂಡ್ ಕಡೆಗೂ ದಕ್ಷಿಣಕ್ಕೆ ಸಕಂಡಾಗಾ ನದಿಯ ಪೂರ್ವ ಕವಲಿನ ಕಡೆಗೂ ಕಾಲುದಾರಿಗಳು ಹೋಗುತ್ತವೆ. ಮೊದಲ ರಾತ್ರಿ ಕಾರಿಗೆ ಹತ್ತಿರದಲ್ಲಿ ತಂಗಿ, ಎಲ್ಲರ ಸಾಮಾನು ಸರಿಯಾಗಿದೆಯೇ, ಯಾರಿಗಾದರೂ ಚಳಿ ಹೆಚ್ಚಾಯಿತೇ ಎಂಬುದನ್ನು ನೋಡಿಕೊಂಡು, ಮರುದಿನ ಒಳಕ್ಕೆ ಹೋಗಬಹುದು. ಏನಾದರೂ ಕೊರತೆ ಕಂಡರೆ ಹಿಂತಿರುಗುವ ದಾರಿ ಹತ್ತಿರವಿರುತ್ತದೆ. ಮಕ್ಕಳು ಜೊತೆಗಿರುವಾಗ ಈ ಅನುಕೂಲಕ್ಕೆ ಬಹಳ ಬೆಲೆಯಿದೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಸ್ಕ್ರೂನ್ ಲೇಕ್ ಊರಿನ ಪೂರ್ವಕ್ಕಿರುವ ಫೇರೋ ಲೇಕ್ ವೈಲ್ಡರ್‌ನೆಸ್ ಕೂಡ ಸೊಗಸಾದದ್ದೇ. ಆದರೆ ಆ ಸರೋವರದ ಸುತ್ತಲಿನ ಜಾಗಗಳು ವಾರಾಂತ್ಯದಲ್ಲಿ ಬೇಗ ತುಂಬುತ್ತವೆ, ಮೊದಲು ಬಂದವರಿಗೆ ಮೊದಲ ಜಾಗ. ಭಾನುವಾರ ಮಧ್ಯಾಹ್ನ ಒಳಹೊಕ್ಕು ಗುರುವಾರ ಹೊರಬರುವಂತೆ ಯೋಜಿಸಿದರೆ ಈ ತೊಂದರೆ ಇರುವುದಿಲ್ಲ. ದೋಣಿ ನಡೆಸಲು ಬಲ್ಲವರಾದರೆ ಸೇಂಟ್ ರೀಜಿಸ್ ಕನೂ ಏರಿಯಾವನ್ನೂ ನೋಡಬಹುದು. ಅಲ್ಲಿ ಮೋಟಾರು ದೋಣಿಗಳಿಗೆ ಪ್ರವೇಶವಿಲ್ಲ.

ಋತುವನ್ನು ನೀವು ಚೆನ್ನಾಗಿಯೇ ಆರಿಸಿಕೊಂಡಿದ್ದೀರಿ. ಮೇ ನಡುವಿನಿಂದ ಜೂನ್ ಕೊನೆಯವರೆಗೆ ಕಾಡುವ ಕಪ್ಪು ನೊಣಗಳ ಹಾವಳಿ ಆ ಹೊತ್ತಿಗೆ ಮುಗಿದಿರುತ್ತದೆ, ಮೇಪಲ್ ಎಲೆಗಳಿಗೆ ಬಣ್ಣ ಬಂದಿರುತ್ತದೆ. ಆದರೆ ಸಂಜೆ ಏಳು ಗಂಟೆಯ ಹೊತ್ತಿಗೆಲ್ಲ ಕಾಡಿನೊಳಗೆ ಕತ್ತಲು ಕವಿಯುತ್ತದೆ. ರಾತ್ರಿಯ ತಾಪಮಾನ ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯಬಹುದು, ಹಗಲಲ್ಲಿ ಮಳೆಯೂ ಬರಬಹುದು. ಸ್ಲೀಪಿಂಗ್ ಬ್ಯಾಗಿಗೆ ಹಣ ಹಾಕಿ ಕೆಳಗಿನ ಹಾಸನ್ನು ಅಲಕ್ಷಿಸುವವರು ಬಹಳ ಮಂದಿ. ದೇಹದ ಶಾಖವನ್ನು ಎಳೆದುಕೊಳ್ಳುವುದು ನೆಲವೇ ಆದ್ದರಿಂದ ಹಾಸು ದಪ್ಪನಾಗಿರಲಿ. ಹತ್ತಿಯ ಬಟ್ಟೆ ಒದ್ದೆಯಾದರೆ ಬೇಗ ಆರುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಗಾಳಿಗೆ ಸಿಕ್ಕರೆ ಮೈಯ ಶಾಖ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಉಣ್ಣೆಯ ಅಥವಾ ಸಿಂಥೆಟಿಕ್ ಬಟ್ಟೆಯ ಒಂದು ಜೊತೆಯನ್ನು ಮಲಗುವುದಕ್ಕೆಂದೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಹಗಲಲ್ಲಿ ಅದನ್ನು ಮುಟ್ಟಬೇಡಿ.

ಇನ್ನೊಂದು ವಿಷಯ: ಸೆಪ್ಟೆಂಬರ್‌ನಲ್ಲಿಯೇ ಆ ಭಾಗದಲ್ಲಿ ಕರಡಿ ಬೇಟೆಯ ಋತು ಆರಂಭವಾಗಿರುತ್ತದೆ. ಬೇಟೆ ಅಲ್ಲಿ ಕಾನೂನುಬದ್ಧ, ಬೇಟೆಗಾರರು ಸಾಮಾನ್ಯವಾಗಿ ಎಚ್ಚರದ ಜನ. ಆದರೂ ನೀವೆಲ್ಲರೂ ಹೊಳೆಯುವ ಕಿತ್ತಳೆ ಬಣ್ಣದ ಟೋಪಿ ಅಥವಾ ಅಂಗಿ ತೊಟ್ಟಿರುವುದು ಕ್ಷೇಮ. ಸಂಜೆ ಡೇರೆಯೊಳಗೆ ಹೋಗುವ ಮೊದಲು ಉಣ್ಣಿಗಳಿಗಾಗಿ ಕಾಲು, ಕುತ್ತಿಗೆ, ಕಿವಿಯ ಹಿಂಭಾಗವನ್ನು ನೋಡಿಕೊಳ್ಳುವುದನ್ನೂ ಮರೆಯಬೇಡಿ. ಲೈಮ್ ರೋಗ ಹರಡುವುದು ಅವುಗಳಿಂದಲೇ.

ಚಾರಣಪ್ರಿಯ

ಇಬ್ಬರಿಗೂ ಮನಃಪೂರ್ವಕ ವಂದನೆಗಳು. ಸೈಯಾಮೀಸ್ ಪಾಂಡ್ಸ್ ನಮಗೆ ಸರಿಹೊಂದುವಂತೆ ತೋರುತ್ತದೆ. ಎರಡು ಸಂದೇಹಗಳು ಉಳಿದಿವೆ. ಪಫರ್ ಪಾಂಡ್ ಬಳಿ ಲೀನ್-ಟು ಇದೆಯೆಂದು ನಕಾಶೆಯಲ್ಲಿ ಕಂಡೆ. ಅದು ಖಾಲಿಯಿದ್ದರೆ ಅದರೊಳಗೇ ನಮ್ಮ ಡೇರೆಗಳನ್ನು ಹಾಕಬಹುದೇ? ಹಾಗೆಯೇ, ಸಂಜೆ ಬೆಂಕಿ ಹಾಕಿ ಅದರ ಮೇಲೆ ಅಡುಗೆ ಮಾಡಬೇಕೆಂದು ಮಗಳಿಗೆ ಬಹಳ ಆಸೆ. ಇಲ್ಲಿಂದ ಕಾರಿನಲ್ಲಿ ಒಣ ಸೌದೆ ತೆಗೆದುಕೊಂಡು ಹೋಗಬಹುದೇ?

ಉತ್ತರ: ಹಳೆಯ ಹಾದಿ

ಲೀನ್-ಟು ಎಂದರೆ ಮೂರು ಕಡೆ ಮರದ ದಿಮ್ಮಿಯ ಗೋಡೆ, ಮುಂಭಾಗ ತೆರೆದಿರುವ ತಂಗುಮನೆ. ಅದರೊಳಗೆ ಡೇರೆ ಹಾಕುವಂತಿಲ್ಲ. ಹಾಸು ಹಾಸಿಕೊಂಡು ಮಲಗಬೇಕು. ಅದು ಯಾರೊಬ್ಬರ ಸ್ವತ್ತೂ ಅಲ್ಲ. ನೀವು ಐವರು ಮೊದಲೇ ಬಂದಿದ್ದರೂ, ಕತ್ತಲಾದ ಮೇಲೆ ಮಳೆಯಲ್ಲಿ ನೆನೆದು ಬಂದ ಇಬ್ಬರಿಗೆ ಒಳಗೆ ಜಾಗವಿದ್ದರೆ ಬಿಟ್ಟುಕೊಡಲೇಬೇಕು. ಹಾಗೆಂದು ಲೀನ್-ಟು ಸಿಕ್ಕೇ ಸಿಗುತ್ತದೆಂದು ನಂಬಿ ಡೇರೆಯನ್ನು ಬಿಟ್ಟು ಹೋಗಬೇಡಿ. ಅದರ ಪಕ್ಕದಲ್ಲಿ ಡೇರೆ ಹಾಕುವುದಾದರೂ ಅದೇ 150 ಅಡಿಯ ನಿಯಮ ಅನ್ವಯಿಸುತ್ತದೆ. ಸಾಮಾನ್ಯವಾಗಿ ಲೀನ್-ಟುಗಳು ನೀರಿನ ಹತ್ತಿರವೇ ಇರುವುದರಿಂದ ಇದನ್ನು ಮರೆಯುವವರು ಅನೇಕರು.

ಸೌದೆಯನ್ನು ಮನೆಯಿಂದ ತರಬೇಡಿ. ಸಂಸ್ಕರಿಸದ ಸೌದೆಯನ್ನು ಅದು ದೊರೆತ ಸ್ಥಳದಿಂದ 50 ಮೈಲಿಗಿಂತ ದೂರ ಸಾಗಿಸುವುದನ್ನು ನ್ಯೂಯಾರ್ಕ್ ರಾಜ್ಯ ನಿಷೇಧಿಸಿದೆ. ಆಶ್ ಮರಗಳನ್ನು ಕೊಲ್ಲುವ ಪಚ್ಚೆ ಬಣ್ಣದ ಕೊರೆಹುಳದಂಥ ಕೀಟಗಳು ತೊಗಟೆಯೊಳಗೆ ಅಡಗಿ ಹೊಸ ಕಾಡುಗಳಿಗೆ ಸೇರುವುದು ಹೆಚ್ಚಾಗಿ ಹೀಗೆಯೇ. ಕಾಡಿನಲ್ಲಿ ಸತ್ತು ನೆಲಕ್ಕೆ ಬಿದ್ದ ಮರವನ್ನು ಮಾತ್ರ ಬಳಸಬಹುದು. ನಿಂತಿರುವ ಮರ ಒಣಗಿದ್ದರೂ ಅದಕ್ಕೆ ಕೈಹಚ್ಚುವಂತಿಲ್ಲ. ಮೊದಲೇ ಇರುವ ಕಲ್ಲಿನ ಸುತ್ತಿನಲ್ಲಿಯೇ ಬೆಂಕಿ ಹಾಕಿ, ಮಣಿಕಟ್ಟಿನ ದಪ್ಪಕ್ಕಿಂತ ದೊಡ್ಡ ಕೊಂಬೆ ಬೇಡ, ಮಲಗುವ ಮೊದಲು ನೀರು ಸುರಿದು ಕಲಕಿ ಬೂದಿಯನ್ನು ಕೈಯಿಂದ ಮುಟ್ಟಿ ತಣ್ಣಗಾಗಿರುವುದನ್ನು ಖಚಿತಪಡಿಸಿಕೊಳ್ಳಿ. ಈಸ್ಟರ್ನ್ ಹೈ ಪೀಕ್ಸ್ ಭಾಗದಲ್ಲಿ ಬೆಂಕಿಗೆ ಪೂರ್ತಿ ನಿಷೇಧವಿದೆ. ನೀವು ಹೋಗುವ ಕಡೆ ಆ ನಿಷೇಧವಿಲ್ಲ. ಆದರೂ ಅಡುಗೆಯನ್ನು ಬೆಂಕಿಯ ಮೇಲೆ ಅವಲಂಬಿಸಬೇಡಿ ಎಂದೇ ನನ್ನ ಒತ್ತಾಯ. ಎರಡು ದಿನ ಮಳೆ ಹಿಡಿದರೆ ಕಾಡಿನಲ್ಲಿ ಒಣ ಕಡ್ಡಿ ಸಿಗುವುದಿಲ್ಲ. ಪುಟ್ಟ ಗ್ಯಾಸ್ ಒಲೆ ಇರಲಿ, ಬೆಂಕಿ ಮಗಳ ಸಂತೋಷಕ್ಕಿರಲಿ. ಚಳಿ ಹೆಚ್ಚಿದಾಗ ಗ್ಯಾಸ್ ಸಿಲಿಂಡರಿನ ಒತ್ತಡ ಕುಗ್ಗಿ ಜ್ವಾಲೆ ಸಣ್ಣದಾಗುತ್ತದೆ, ಆದ್ದರಿಂದ ಬೆಳಗಿನ ಕಾಫಿಗೆ ಮೊದಲು ಅದನ್ನು ಸ್ವಲ್ಪ ಹೊತ್ತು ಅಂಗಿಯೊಳಗೆ ಇಟ್ಟುಕೊಳ್ಳಿ.

ನೀರು ಎಷ್ಟೇ ತಿಳಿಯಾಗಿ ಕಂಡರೂ ಹಾಗೆಯೇ ಕುಡಿಯಬೇಡಿ. ಬೀವರ್ ಮುಂತಾದ ಪ್ರಾಣಿಗಳ ಮಲದಿಂದ ನೀರಿಗೆ ಸೇರುವ ಜಿಯಾರ್ಡಿಯಾ ಎಂಬ ಪರೋಪಜೀವಿ ಇಲ್ಲಿ ಇದ್ದೇ ಇದೆ, ಅದರ ಭೇದಿ ವಾರಗಟ್ಟಲೆ ಕಾಡಬಹುದು. ನೀರು ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಫಿಲ್ಟರ್ ಬಳಸುವುದಾದರೆ ಒಂದು ಎಚ್ಚರ ಬೇಕು: ಒಳಗೆ ಟೊಳ್ಳು ನಾರುಗಳಿರುವ ಬಗೆಯ ಫಿಲ್ಟರಿನಲ್ಲಿ ಉಳಿದ ನೀರು ರಾತ್ರಿ ಹೆಪ್ಪುಗಟ್ಟಿದರೆ ಆ ನಾರುಗಳು ಸೀಳುತ್ತವೆ. ಬೆಳಗ್ಗೆ ಅದು ಹೊರನೋಟಕ್ಕೆ ಸರಿಯಾಗಿಯೇ ಇರುತ್ತದೆ, ನೀರನ್ನೂ ಬಿಡುತ್ತದೆ, ಆದರೆ ಏನನ್ನೂ ಶುದ್ಧಗೊಳಿಸುವುದಿಲ್ಲ. ಹಾಗಾಗಿ ನೀರು ಬಸಿದು, ಚೀಲದಲ್ಲಿ ಕಟ್ಟಿ, ಸ್ಲೀಪಿಂಗ್ ಬ್ಯಾಗಿನೊಳಗೆ ನಿಮ್ಮ ಕಾಲ ಬಳಿ ಇಟ್ಟುಕೊಂಡು ಮಲಗಿ.

ಇಲ್ಲಿರುವುದು ಕಪ್ಪು ಕರಡಿ. ಅದಕ್ಕೆ ಬೇಕಾಗಿರುವುದು ನೀವಲ್ಲ, ನಿಮ್ಮ ಆಹಾರ. ಏಪ್ರಿಲ್ 1ರಿಂದ ನವೆಂಬರ್ 30ರವರೆಗೆ ಈಸ್ಟರ್ನ್ ಹೈ ಪೀಕ್ಸ್‌ನಲ್ಲಿ ರಾತ್ರಿ ತಂಗುವವರು ಕರಡಿಗೆ ತೆರೆಯಲಾಗದ ಗಟ್ಟಿ ಡಬ್ಬಿಯನ್ನು ಬಳಸುವುದು ಕಡ್ಡಾಯ. ಬೇರೆ ಕಡೆಗೆ ಹೋಗುವಾಗಲೂ ತನ್ನಿ. ಹಗ್ಗದಲ್ಲಿ ಆಹಾರದ ಚೀಲವನ್ನು ಮರಕ್ಕೆ ತೂಗುಹಾಕುವುದನ್ನು ಸರಿಯಾಗಿ ಮಾಡುವವರು ಕಡಿಮೆ, ಹಗ್ಗವನ್ನು ಕಚ್ಚಿ ಬೀಳಿಸುವುದನ್ನು ಕಲಿತ ಕರಡಿಗಳಿವೆ. ಆಹಾರ ಮಾತ್ರವಲ್ಲ, ಟೂತ್‌ಪೇಸ್ಟ್, ಸೋಪು, ತುಟಿಗೆ ಹಚ್ಚುವ ಮುಲಾಮು, ಕಸ, ವಾಸನೆಯಿರುವ ಎಲ್ಲವೂ ಆ ಡಬ್ಬಿಯೊಳಗೆ ಹೋಗಬೇಕು. ಡಬ್ಬಿ ಡೇರೆಯಿಂದ ಕನಿಷ್ಠ ನೂರು ಅಡಿ ದೂರದಲ್ಲಿ, ನೀರಿಗೆ ಉರುಳಿಹೋಗದಂಥ ತಗ್ಗಿನಲ್ಲಿ ನೆಲದ ಮೇಲೇ ಇರಬೇಕು. ಒಗ್ಗರಣೆಯ ವಾಸನೆ ಬಟ್ಟೆಗೆ ಹತ್ತಿಕೊಳ್ಳುತ್ತದೆ, ಆದ್ದರಿಂದ ಅಡುಗೆ ಮಾಡಿದ ಬಟ್ಟೆಯಲ್ಲಿ ಮಲಗಬೇಡಿ. ಒಮ್ಮೆ ಮನುಷ್ಯರ ಆಹಾರದ ರುಚಿ ಕಂಡ ಕರಡಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದರ ಜೀವಕ್ಕೇ ಕುತ್ತಾಗುತ್ತದೆ. ಈ ವಿಷಯದಲ್ಲಿ ನಾನು ಸ್ವಲ್ಪ ಕಟುವಾಗಿ ಬರೆದಂತೆ ಕಂಡರೆ ಕಾರಣ ಅದೇ.

ಉತ್ತರ: ಪಡುವಣ ಕಾಡು

ಮೇಲಿನ ಸಲಹೆಗಳನ್ನು ನಾನು ಒಪ್ಪುತ್ತೇನೆ, ಜಾಗದ ವಿಷಯದಲ್ಲಿ ಮಾತ್ರ ಒಂದು ಭಿನ್ನಾಭಿಪ್ರಾಯವಿದೆ. ಜನರೇ ಇಲ್ಲದ ಕಾಡು ನಿಮ್ಮ ಆಸೆಯಾಗಿದ್ದರೆ ಪಶ್ಚಿಮದ ಫೈವ್ ಪಾಂಡ್ಸ್ ವೈಲ್ಡರ್‌ನೆಸ್‌ಗೆ ಸಮನಾದದ್ದು ಆ ರಾಜ್ಯದಲ್ಲಿ ವಿರಳ. ವನಕೀನಾ ಎಂಬ ಸಣ್ಣ ಊರಿನಿಂದ ಒಳಹೊಕ್ಕರೆ ಆಸ್ವೆಗಾಚಿ ನದಿಯ ಮೇಲಿನ ಹೈ ಫಾಲ್ಸ್‌ವರೆಗೆ ಹೋಗಬಹುದು. ಅಲ್ಲಿಗೆ ಹೋಗುವ ದಾರಿಯಲ್ಲಿ ಏರುಪೇರು ಕಡಿಮೆ, ಹಗಲಿಡೀ ಇನ್ನೊಬ್ಬರ ಮುಖ ಕಾಣದಿರುವುದೂ ಉಂಟು.

ಉತ್ತರ: ನಕಾಶೆ

ಪಡುವಣ ಕಾಡು ಅವರೇ, ಫೈವ್ ಪಾಂಡ್ಸ್ ಬಗ್ಗೆ ನಿಮಗಿರುವ ಪ್ರೀತಿ ನನಗೂ ಇದೆ, ಆದರೆ ಈ ತಂಡಕ್ಕೆ ಈ ವರ್ಷ ಅದು ಬೇಡವೆಂದೇ ಹೇಳುತ್ತೇನೆ. 1995ರ ಜುಲೈ 15ರಂದು ಬೀಸಿದ ಭಾರೀ ಬಿರುಗಾಳಿ ಆ ಭಾಗದ ವಿಶಾಲ ಪ್ರದೇಶದಲ್ಲಿ ಮರಗಳನ್ನು ಮಲಗಿಸಿತು. ಸಂವಿಧಾನದ ರಕ್ಷಣೆಯಿರುವುದರಿಂದ ಆ ಮರಗಳನ್ನು ಮಾರಾಟಕ್ಕೆ ಸಾಗಿಸುವಂತಿರಲಿಲ್ಲ, ಅವು ಅಲ್ಲಿಯೇ ಕೊಳೆತು ಅವುಗಳ ನಡುವೆ ಎಳೆಯ ಮರಗಳು ಒತ್ತಾಗಿ ಎದ್ದಿವೆ. ಇದರಿಂದ ಕಾಡಿಗೆ ಒಳ್ಳೆಯದೇ ಆಗಿದೆ. ಆದರೆ ದಾರಿ ಬಿಟ್ಟು 150 ಅಡಿ ಒಳಗೆ ಹೋಗಿ ಸಮತಟ್ಟಾದ ನೆಲ ಹುಡುಕುವುದು ಹೊಸಬರಿಗೆ ಕಷ್ಟ. ಬೀವರ್‌ಗಳು ಕಟ್ಟುವ ಒಡ್ಡುಗಳಿಂದ ದಾರಿಯೇ ನೀರಿನಡಿ ಮುಳುಗಿರುವುದೂ ಅಲ್ಲಿ ಸಾಮಾನ್ಯ, ಸುತ್ತುಬಳಸಿ ಹೋಗಲು ದಿಕ್ಸೂಚಿಯ ಅಭ್ಯಾಸ ಬೇಕು. ದಿಕ್ಸೂಚಿ ಹಿಡಿದು ನಡೆಯುವುದನ್ನು ಕಲಿತ ಮೇಲೆ ಅವರು ಖಂಡಿತ ಅಲ್ಲಿಗೆ ಹೋಗಲಿ.

ಚಾರಣಪ್ರಿಯ ಅವರೇ, ಮರಗಳ ಮಾತು ಬಂದಿದ್ದರಿಂದ ಹೇಳುತ್ತೇನೆ: ಡೇರೆ ಹಾಕುವ ಮೊದಲು ನೆಲವನ್ನು ನೋಡುವಷ್ಟೇ ಗಮನವಿಟ್ಟು ತಲೆಯೆತ್ತಿ ಮೇಲೆಯೂ ನೋಡಿ. ಆ ಕಾಡಿನ ಬೀಚ್ ಮರಗಳಿಗೆ ತೊಗಟೆಯ ರೋಗ ಬಹುಕಾಲದಿಂದ ತಗುಲಿದೆ, ಒಳಗೆ ಟೊಳ್ಳಾದ ಕಾಂಡ ಗಾಳಿಗೆ ನಡುವಿನಲ್ಲಿಯೇ ಮುರಿಯುತ್ತದೆ. ಒಣಗಿದ ಮರ ಅಥವಾ ತೂಗಾಡುವ ಕೊಂಬೆಯ ಕೆಳಗೆ, ಜಾಗ ಎಷ್ಟೇ ಚೆನ್ನಾಗಿದ್ದರೂ, ಮಲಗಬೇಡಿ.

ಶೌಚದ ವಿಷಯವನ್ನು ಕೇಳಲು ಎಲ್ಲರೂ ಸಂಕೋಚಪಡುತ್ತಾರೆ. ಗುರುತಿಸಿದ ಕೆಲವು ಜಾಗಗಳಲ್ಲಿ ಕಚ್ಚಾ ಶೌಚಾಲಯವಿರುತ್ತದೆ, ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ನೀರು, ದಾರಿ, ಡೇರೆಯಿಂದ 150 ಅಡಿ ದೂರದಲ್ಲಿ ಸಣ್ಣ ಸನಿಕೆಯಿಂದ 6ರಿಂದ 8 ಅಂಗುಲ ಆಳದ ಗುಂಡಿ ತೋಡಿ, ಆಮೇಲೆ ಮಣ್ಣು ಮತ್ತು ಎಲೆಗಳಿಂದ ಮುಚ್ಚಿ. ಒದ್ದೆ ವೈಪ್ಸ್ ಮಣ್ಣಿನಲ್ಲಿ ಕರಗುವುದಿಲ್ಲ, ಅವನ್ನು ಚೀಲದಲ್ಲಿ ಕಟ್ಟಿ ವಾಪಸು ತನ್ನಿ. ಪಾತ್ರೆ ತೊಳೆದ ನೀರನ್ನೂ ಸರೋವರಕ್ಕೆ ಚೆಲ್ಲದೆ ದೂರದ ಮಣ್ಣಿನ ಮೇಲೆ ಚದುರಿಸಿ. ಸೋಪಿನ ಮೇಲೆ ಏನೇ ಬರೆದಿರಲಿ, ಅದು ನೀರಿಗೆ ಸೇರಬಾರದು.

ಚಾರಣಪ್ರಿಯ

ಎಲ್ಲರಿಗೂ ಧನ್ಯವಾದ. ಸೈಯಾಮೀಸ್ ಪಾಂಡ್ಸ್ ಎಂದೇ ತೀರ್ಮಾನಿಸಿದ್ದೇವೆ; ಎರಡು ರಾತ್ರಿ ಥರ್ಟೀನ್ತ್ ಲೇಕ್ ಬಳಿ, ಎರಡು ರಾತ್ರಿ ಒಳಗೆ. ಫೋನ್ ಕೆಲಸ ಮಾಡದ ಕಡೆ ಯಾರಿಗಾದರೂ ಕಾಲು ಉಳುಕಿದರೆ ಏನು ಮಾಡಬೇಕೆಂದು ನನ್ನ ಪತ್ನಿ ಕೇಳುತ್ತಿದ್ದಾರೆ.

ಉತ್ತರ: ಹಳೆಯ ಹಾದಿ

ಅವರು ಕೇಳಿರುವುದು ಬಹಳ ಸರಿಯಾದ ಪ್ರಶ್ನೆ. ಮೂರು ಕೆಲಸ ಮಾಡಿ. ಹೊರಡುವ ಮೊದಲು, ಮನೆಯಲ್ಲಿರುವ ಒಬ್ಬ ನಂಬಿಗಸ್ತರಿಗೆ ನಿಮ್ಮ ದಾರಿ, ತಂಗುವ ಜಾಗ, ಕಾರಿನ ನೋಂದಣಿ ಸಂಖ್ಯೆ, ಹೊರಬರುವ ದಿನ ಮತ್ತು ಯಾವ ಗಂಟೆಯೊಳಗೆ ನಿಮ್ಮಿಂದ ಕರೆ ಬಾರದಿದ್ದರೆ ರೇಂಜರ್‌ಗಳಿಗೆ ತಿಳಿಸಬೇಕು ಎಂಬುದನ್ನು ಬರೆದು ಕೊಡಿ. ಕಾಲುದಾರಿ ಆರಂಭವಾಗುವಲ್ಲಿ ಮರದ ಪೆಟ್ಟಿಗೆಯೊಳಗೆ ಒಂದು ದಾಖಲೆ ಪುಸ್ತಕವಿರುತ್ತದೆ. ಒಳಹೋಗುವಾಗ ಅದರಲ್ಲಿ ಹೆಸರು ಮತ್ತು ಹೋಗುವ ಜಾಗವನ್ನು ಬರೆದು, ಹೊರಬಂದಾಗ ಮರೆಯದೆ ಬಂದೆವೆಂದು ನಮೂದಿಸಿ. ಯಾರಾದರೂ ಕಾಣೆಯಾದಾಗ ರೇಂಜರ್‌ಗಳು ಮೊದಲು ತೆರೆದು ನೋಡುವ ಪುಸ್ತಕಗಳಲ್ಲಿ ಅದೂ ಒಂದು. ಮೂರನೆಯದಾಗಿ, ಸಾಧ್ಯವಾದರೆ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನವೊಂದನ್ನು ಬಾಡಿಗೆಗೆ ತೆಗೆದುಕೊಳ್ಳಿ.

ಉಳುಕು ಸಣ್ಣದಾದರೆ ಒಂದು ದಿನ ಅಲ್ಲಿಯೇ ವಿಶ್ರಾಂತಿ ಪಡೆದು ನಿಧಾನವಾಗಿ ಹೊರಬರಬಹುದು, ಅದಕ್ಕಾಗಿ ಒಂದು ದಿನದ ಹೆಚ್ಚುವರಿ ಆಹಾರ ಇಟ್ಟುಕೊಂಡಿರಿ. ನಡೆಯಲು ಆಗದಿದ್ದರೆ ಗಾಯಗೊಂಡವರನ್ನು ಒಂಟಿಯಾಗಿ ಬಿಡದೆ, ಇಬ್ಬರು ಅವರ ಬಳಿ ಉಳಿದು, ದಾರಿ ಚೆನ್ನಾಗಿ ಬಲ್ಲ ಇಬ್ಬರು ಬೆಳಕಿರುವಾಗ ನಕಾಶೆಯಲ್ಲಿ ಜಾಗವನ್ನು ಗುರುತು ಮಾಡಿಕೊಂಡು ಹೊರಡಲಿ. ನೀವು ಐವರಿರುವುದರಿಂದ ಇದು ಸಾಧ್ಯ. ಮಗಳು ಉಳಿದವರ ಜೊತೆಯಲ್ಲಿರಲಿ, ಅವಳ ಕೊರಳಿಗೆ ಒಂದು ಸೀಟಿಯನ್ನೂ ಹಾಕಿ. ಕಾಡಿನಲ್ಲಿ ಕೂಗಿಗಿಂತ ಸೀಟಿಯ ಸದ್ದು ದೂರ ಕೇಳುತ್ತದೆ, ಮೂರು ಬಾರಿ ಊದಿದರೆ ನೆರವು ಬೇಕೆಂದು ಚಾರಣಿಗರಿಗೆ ಅರ್ಥವಾಗುತ್ತದೆ.